ಸತ್ತ ಮಂಗ ಯಾವ ಇಲಾಖೆಯದು?

ಮಲೆನಾಡಿನಲ್ಲಿ ಚಳಿ ಬಲಿತು ಅಡಿಕೆ ಕೊಯ್ಲು ಜೋರಾಗುವ ಹೊತ್ತಿಗೆ ಒಂದು ಪ್ರಶ್ನೆ ಹೆಚ್ಚುಕಡಿಮೆ ಪ್ರತಿವರ್ಷ ಏಳುತ್ತದೆ. ತೋಟದ ಮೇಲ್ಗಡೆ, ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿದೆ. ಅದನ್ನು ವಿಚಾರಿಸಬೇಕಾದವರು ಯಾರು?

ಬದುಕಿದ್ದಾಗ ಅದು ಅರಣ್ಯ ಇಲಾಖೆಯ ಉಸ್ತುವಾರಿಯ ಪ್ರಾಣಿ. ಸತ್ತ ಮೇಲೆ ಕೊಯ್ದು ನೋಡುವ ವಿದ್ಯೆ ಇರುವುದು ಪಶುವೈದ್ಯರಿಗೆ. ಕೊಯ್ದು ತೆಗೆದ ಮಾದರಿ ಹೋಗಬೇಕಾದ್ದು ಆರೋಗ್ಯ ಇಲಾಖೆಯ ಪ್ರಯೋಗಾಲಯಕ್ಕೆ. ಮಂಗ ಬಿದ್ದ ಜಾಗ ಕಂದಾಯ ಭೂಮಿಯೋ, ಮೀಸಲು ಅರಣ್ಯವೋ, ಯಾರದೋ ಹಿಡುವಳಿಯೋ ಎಂಬುದನ್ನು ತೀರ್ಮಾನಿಸುವವರು ಬೇರೆ. ಆ ಕಡೆ ಯಾರೂ ಸೊಪ್ಪಿಗೆ ಹೋಗಬೇಡಿ ಎಂದು ಊರಿಗೆ ಸಾರಬೇಕಾದ್ದು ಗ್ರಾಮ ಪಂಚಾಯಿತಿ. ಬೆಟ್ಟದ ಆಚೆ ಮಗ್ಗುಲು ಇನ್ನೊಂದು ಜಿಲ್ಲೆಗೆ ಸೇರಿದ್ದರೆ ಈ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಅಲ್ಲೊಬ್ಬ ಜೋಡಿ ಇರುತ್ತಾನೆ. ಅವನಿಗೂ ಸುದ್ದಿ ಮುಟ್ಟಬೇಕು.

ಇಷ್ಟೆಲ್ಲ ನಡೆಯುವ ತನಕ ಉಣುಗುಗಳು ಕಾಯುವುದಿಲ್ಲ. ಮಂಗದ ಮೈ ತಣ್ಣಗಾಗುತ್ತಿದ್ದಂತೆ ಅದರ ಕೂದಲಲ್ಲಿದ್ದ ಉಣುಗುಗಳು ಇಳಿದು ತರಗೆಲೆಯ ನಡುವೆ ಹರಡಿಕೊಳ್ಳುತ್ತವೆ. ಮಾರನೆಯ ದಿನವೋ ಮರುವಾರವೋ ಅದೇ ಜಾಗಕ್ಕೆ ದರಕು ಗುಡಿಸಲು ಬಂದವರ ಕಾಲಿಗೆ ಹತ್ತುತ್ತವೆ. ಮಂಗನ ಕಾಯಿಲೆ ಮನುಷ್ಯನಿಗೆ ದಾಟುವ ಬಗೆ ಇದು. ವೈದ್ಯರ ಪುಸ್ತಕದಲ್ಲಿ ಅದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ, ಪತ್ರಿಕೆಗಳಲ್ಲಿ ಕೆಎಫ್‌ಡಿ.

ಈ ಕಾಯಿಲೆಯದು ಗಡಿ ಸಮಸ್ಯೆಯೂ ಹೌದು. ಗಡಿ ಸಮಸ್ಯೆ ಎಂದ ಕೂಡಲೇ ಕನ್ನಡ ಓದುಗರ ಕಣ್ಣ ಮುಂದೆ ಬರುವುದು ಬೆಳಗಾವಿ, ಕಾಸರಗೋಡು, ಅಕ್ಕಲಕೋಟೆ. ಅಂಥ ಊರುಗಳ ಶಾಲೆ, ರಸ್ತೆ, ಭಾಷೆಯ ವಿಚಾರ ನೋಡಿಕೊಳ್ಳಲು 2010ರ ಕಾಯ್ದೆಯ ಮೂಲಕ ಬಂದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ. ಶಿವಮೊಗ್ಗ ಜಿಲ್ಲೆಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಅದಕ್ಕೆ ಯಾವ ಹೊರರಾಜ್ಯವೂ ತಾಗಿಕೊಂಡಿಲ್ಲ. ಆದರೆ ಉತ್ತರ ಕನ್ನಡ, ಉಡುಪಿ, ಚಿಕ್ಕಮಗಳೂರು, ಹಾವೇರಿ, ದಾವಣಗೆರೆ ಎಂದು ಐದು ಜಿಲ್ಲೆಗಳ ಗೆರೆ ಅದನ್ನು ಸುತ್ತಿದೆ. ಇವುಗಳಲ್ಲಿ ಮೊದಲ ಮೂರರ ಗೆರೆ ಹಾದುಹೋಗುವುದು ಕಾಡಿನ ನಡುವೆ. ಮಂಗನ ಕಾಯಿಲೆಯ ಕತೆ ಬಹುಮಟ್ಟಿಗೆ ಆ ಗೆರೆಗಳ ಆಸುಪಾಸಿನ ಕತೆ.

ಶಿವಮೊಗ್ಗ ಪೇಟೆಯ ವಿನೋಬನಗರದ ನೂರಡಿ ರಸ್ತೆಯಲ್ಲಿ ಓಡಾಡುವವರಿಗೆ ಇದು ದೂರದ ವಿಷಯ ಎನಿಸಬಹುದು. ಆದರೆ ಆ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡ ಎಷ್ಟೋ ಕುಟುಂಬಗಳಿಗೆ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಗಳಲ್ಲಿ ತೋಟ ಇದೆ, ತೋಟ ನೋಡಿಕೊಳ್ಳುವ ಅಣ್ಣನೋ ಚಿಕ್ಕಪ್ಪನೋ ಇದ್ದಾನೆ. ಶಿವಮೊಗ್ಗದ ಅಡಿಕೆ ಮಂಡಿಗೆ ಬರುವ ಮೂಟೆಯ ಹಿಂದೆಯೂ ಅದೇ ಬೆಟ್ಟದ ಸೊಪ್ಪು, ಅದೇ ಕೊಟ್ಟಿಗೆಯ ಗೊಬ್ಬರ ಇದೆ.

ರೋಗಕ್ಕೆ ಹೆಸರು ಕೊಟ್ಟ ಕ್ಯಾಸನೂರು ಸೊರಬ ತಾಲ್ಲೂಕಿನ ಕಾಡು. 1957ರ ಮಾರ್ಚ್‌ನಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಜ್ವರ ಹರಡಿದ ಸುದ್ದಿ, ಅದರ ಜತೆಗೇ ಮಂಗಗಳು ಸಾಯುತ್ತಿರುವ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಶುರುವಾಗಿದ್ದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಮಂಗವೂ ಮನುಷ್ಯನೂ ಒಟ್ಟಿಗೆ ಸಾಯುವುದನ್ನು ಕೇಳಿ ವಿಜ್ಞಾನಿಗಳಿಗೆ ಬಂದ ಮೊದಲ ಅನುಮಾನ ಹಳದಿ ಜ್ವರದ್ದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳನ್ನು ಕಾಡಿದ ಆ ರೋಗ ಭಾರತಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಇಲ್ಲಿ ಧಾರಾಳವಾಗಿತ್ತು. ಗಾಬರಿಗೆ ಅಷ್ಟು ಸಾಕಾಗಿತ್ತು.

ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮುಂತಾದವರ ತಂಡ ಮೈಸೂರು ರಾಜ್ಯದ ಆರೋಗ್ಯಾಧಿಕಾರಿಗಳ ಜತೆ ಸೇರಿ ಸತ್ತ ಮಂಗಗಳಿಂದ ವೈರಾಣುವನ್ನು ಬೇರ್ಪಡಿಸಿತು. ಸಿಕ್ಕಿದ್ದು ಹಳದಿ ಜ್ವರವಲ್ಲ. ರಷ್ಯಾದ ಟೈಗಾ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಾಣುವಿನ ದಾಯಾದಿ, ಜಗತ್ತಿಗೆ ಹೊಸತು. ಸೈಬೀರಿಯದ ಕುಲದ್ದು ಸೊರಬಕ್ಕೆ ಹೇಗೆ ಬಂತು? ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳಿಂದ ಬಂದಿರಬಹುದೇ ಎಂದು ನೋಡಲು ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದು, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯನ್ನೇ ಕೈಗೊಂಡಿತು. ಭಾರತದ ಪಕ್ಷಿ ವಲಸೆಯ ಬಗ್ಗೆ ನಮಗೆ ಗೊತ್ತಿರುವ ಎಷ್ಟೋ ಸಂಗತಿಗೆ ಮೂಲ ಆ ಯೋಜನೆ. ಹಕ್ಕಿಗಳ ಮೇಲೆ ಹೊರಿಸಿದ ಆರೋಪ ಮಾತ್ರ ಸಾಬೀತಾಗಲಿಲ್ಲ.

ಆ ವರ್ಷದ ಭೂಪಟವನ್ನೂ ಒಮ್ಮೆ ನೋಡಬೇಕು. ರಾಜ್ಯಗಳ ಮರುವಿಂಗಡಣೆಯಾಗಿ ವಿಶಾಲ ಮೈಸೂರು ಹುಟ್ಟಿದ್ದು 1956ರ ನವೆಂಬರ್ 1ರಂದು. ಅದಕ್ಕೆ ಮೊದಲು ಸೊರಬದ ಪಕ್ಕದ ಸಿದ್ದಾಪುರ ಮುಂಬಯಿ ರಾಜ್ಯಕ್ಕೆ ಸೇರಿತ್ತು, ಆಗುಂಬೆ ಘಾಟಿ ಇಳಿದರೆ ಸಿಗುವ ಊರುಗಳು ಮದ್ರಾಸಿಗೆ. ಅಂದರೆ ಶಿವಮೊಗ್ಗ ಅಪ್ಪಟ ಗಡಿ ಜಿಲ್ಲೆಯಾಗಿತ್ತು. ರೋಗ ಐದು ತಿಂಗಳು ಮೊದಲೇ ಕಾಣಿಸಿಕೊಂಡಿದ್ದರೆ ಸೊರಬದ ಮಂಗದ ಕುರಿತು ಬೆಂಗಳೂರು ಮುಂಬಯಿಗೆ ಕಾಗದ ಬರೆದುಕೊಂಡಿರಬೇಕಿತ್ತು. ರಾಜ್ಯದ ಗೆರೆ ಅಳಿಸಿತು, ಜಿಲ್ಲೆಯ ಗೆರೆ ಉಳಿಯಿತು. ಕಾಗದ ಬರೆಯುವ ಕೆಲಸವೂ ಉಳಿಯಿತು.

ಮೊದಲ ಹದಿನೈದು ವರ್ಷ ರೋಗ ಹೆಚ್ಚುಕಡಿಮೆ ಶಿವಮೊಗ್ಗ ಜಿಲ್ಲೆಯೊಳಗೇ ಸುತ್ತುತ್ತಿತ್ತು. ಎಪ್ಪತ್ತರ ದಶಕದಿಂದ ಉತ್ತರ ಕನ್ನಡ, ಚಿಕ್ಕಮಗಳೂರು, ದಕ್ಷಿಣ ಕನ್ನಡಗಳಲ್ಲಿ ಕಾಣಿಸಿಕೊಂಡಿತು. 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡಲು ಕಾಡು ಕಡಿದ ಬೆನ್ನಿಗೇ ಎದ್ದ ಹಾವಳಿ ಈ ರೋಗದ ಇತಿಹಾಸದಲ್ಲೇ ದೊಡ್ಡದು. ಒಂದೂವರೆ ಸಾವಿರದಷ್ಟು ಜನರಿಗೆ ಜ್ವರ ಬಂತು, ಸತ್ತವರು 150ರ ಆಸುಪಾಸು.

ರೋಗದ ಯಂತ್ರ ಹೇಗೆ ತಿರುಗುತ್ತದೆ ಎಂದು ತಿಳಿದರೆ ಇಷ್ಟು ಇಲಾಖೆಗಳು ಯಾಕೆ ಬೇಕು ಎಂಬುದೂ ತಿಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಕಾಡಿನ ನೆಲದಲ್ಲಿ ಉಣುಗಿನ ಮರಿಗಳು ಹೆಚ್ಚುತ್ತವೆ. ನವೆಂಬರ್‌ನಿಂದ ಮೇ ತನಕ ಓಡಾಡುವುದು ಸಾಸಿವೆ ಕಾಳಿನಷ್ಟೂ ಇಲ್ಲದ ಎಳೆಯ ಉಣುಗು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಇಲಿ, ಹೆಗ್ಗಣ, ಅಳಿಲಿನಂಥ ಸಣ್ಣ ಪ್ರಾಣಿಗಳ ನಡುವೆ ವೈರಾಣು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಮುಸಿಯ ಮತ್ತು ಕೋಡಗಗಳಿಗೆ ತಗುಲಿದಾಗ ಅವು ಸಾಯುತ್ತವೆ. ಹಾಗಾಗಿ ಸತ್ತ ಮಂಗ ರೋಗದ ಮೂಲವಲ್ಲ, ರೋಗ ಇಲ್ಲಿದೆ ಎಂದು ತೋರಿಸುವ ಗುರುತು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಒಮ್ಮೆಲೇ ಏರುವ ಜ್ವರ, ತಡೆಯಲಾರದ ತಲೆನೋವು, ಎದ್ದು ನಿಲ್ಲಲಾಗದ ಮೈಕೈ ನೋವು, ಕೆಂಪೇರಿದ ಕಣ್ಣು, ಕೆಲವರಿಗೆ ರಕ್ತಸ್ರಾವ. ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ ಎಂಬುದು ಸಾಮಾನ್ಯ ಲೆಕ್ಕ. ಇದಕ್ಕೆಂದೇ ಔಷಧಿಯಿಲ್ಲ, ಆರೈಕೆಯೇ ಚಿಕಿತ್ಸೆ.

ಇನ್ನು ದನ. ಬಲಿತ ಉಣುಗು ಹೊಟ್ಟೆ ತುಂಬಿಸಿಕೊಳ್ಳುವುದು ಕಾಡಿಗೆ ಮೇಯಲು ಹೋದ ದನಕರುಗಳ ಮೈಮೇಲೆ. ಅಲ್ಲಿ ಕೊಬ್ಬಿ, ಉದುರಿ, ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಕೊಲಂಬಿಯದ ಹಳದಿ ಜ್ವರದ ಕಾಡುಗಳಲ್ಲಿ ಪಳಗಿ ಸಾಗರದ ಕಡೆ ಬಂದಿದ್ದ ಜಾರ್ಜ್ ಬೊಶೆಲ್ ಎಂಬ ವಿಜ್ಞಾನಿ 1969ರಲ್ಲೇ ಈ ಮಾತು ಬರೆದ. ಜನ ಹೆಚ್ಚಿದರು, ಕಾಡಿನ ಅಂಚು ಸಾಗುವಳಿಯಾಯಿತು, ದನ ಒಳಕ್ಕೆ ಹೋದವು, ಉಣುಗು ಹೆಚ್ಚಿತು ಎಂಬುದು ಅವನ ವಾದ.

ತೊಡಕು ಇರುವುದು ಇಲ್ಲೇ. ದನಕ್ಕೆ ಈ ರೋಗದಿಂದ ಏನೂ ಆಗುವುದಿಲ್ಲ. ಹಾಲು ಕಡಿಮೆಯಾಗುವುದಿಲ್ಲ, ಗಬ್ಬ ಹೋಗುವುದಿಲ್ಲ. ಆದ್ದರಿಂದ ಪಶುಸಂಗೋಪನಾ ಇಲಾಖೆಯ ತಖ್ತೆಯಲ್ಲಿ ಇದು ಜಾನುವಾರು ರೋಗವೇ ಅಲ್ಲ. ಅರಣ್ಯ ಇಲಾಖೆಗೆ ಮಂಗ ಎಂದರೆ ಬೆಳೆ ಹಾನಿಯ ದೂರು ತರುವ ಪ್ರಾಣಿ. ಅದು ಸತ್ತಿತು ಎಂದು ಹುಲಿ ಸತ್ತಾಗ ಬರುವಂತೆ ಮೇಲಿನವರು ಓಡಿ ಬರುವುದಿಲ್ಲ. ನಷ್ಟವೆಲ್ಲ ಆರೋಗ್ಯ ಇಲಾಖೆಯ ಖಾತೆಗೆ ಬೀಳುತ್ತದೆ, ಆದರೆ ಉಣುಗನ್ನಾಗಲಿ ದನವನ್ನಾಗಲಿ ಕಾಡನ್ನಾಗಲಿ ಮುಟ್ಟುವ ಅಧಿಕಾರ ಆ ಇಲಾಖೆಗಿಲ್ಲ. ಯಾರೋ ಸೋಮಾರಿಗಳು ಎಂದು ಬೈದು ಮುಗಿಸುವ ಸಂಗತಿಯಲ್ಲ ಇದು. ಕೆಲಸ ಒಬ್ಬರದು, ಅದರ ಲಾಭ ಇನ್ನೊಬ್ಬರದು ಎಂದಾದಾಗ ಎಂಥ ಚುರುಕು ನೌಕರನ ಕೈಯೂ ನಿಧಾನವಾಗುತ್ತದೆ.

ಕಾಗದದ ಮೇಲೆ ಕ್ರಮ ಚೆನ್ನಾಗಿಯೇ ಇದೆ. ಮಂಗ ಸತ್ತ ಸುದ್ದಿಯ ಫೋನು ಬಹಳ ಸಲ ಆಶಾ ಕಾರ್ಯಕರ್ತೆಗೇ ಮೊದಲು ಬರುತ್ತದೆ. “ಅಕ್ಕಾ, ನಮ್ ತೋಟದ ಮೇಲ್ಗಡೆ ಮಂಗ ಸತ್ತು ಬಿದ್ದದೆ, ಹೂಳ್ಲಾ?” ಹೂಳಬೇಡಿ, ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ ಎನ್ನುವುದು ಅವಳ ಉತ್ತರ. ಅವಳಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕು ಆರೋಗ್ಯಾಧಿಕಾರಿಗೆ, ಅರಣ್ಯ ರಕ್ಷಕನಿಗೆ, ಪಶುವೈದ್ಯರಿಗೆ ಸುದ್ದಿ ಹೋಗಬೇಕು. ಮೂವರೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರಬೇಕು. ಮೈ ಪೂರ್ತಿ ಮುಚ್ಚುವ ಉಡುಪು ತೊಟ್ಟು ಸ್ಥಳದಲ್ಲೇ ಶವಪರೀಕ್ಷೆ ಆಗಬೇಕು. ಮಿದುಳು ಮತ್ತು ಒಳಾಂಗಗಳ ತುಣುಕನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಶಿವಮೊಗ್ಗದ ವೈರಾಣು ಪತ್ತೆ ಪ್ರಯೋಗಾಲಯಕ್ಕೋ ಪುಣೆಗೋ ಕಳಿಸಬೇಕು. ಆಮೇಲೆ ಕಳೇಬರ ಸುಟ್ಟು, ಸುತ್ತಲಿನ ನೆಲಕ್ಕೆ ಮೆಲಾಥಿಯಾನ್ ಪುಡಿ ಹಾಕಬೇಕು.

ಈ ಸಾಲಿನ ಯಾವ ಕೊಂಡಿ ಕಳಚಿದರೂ ಪರಿಣಾಮ ಒಂದೇ. ಪಶುವೈದ್ಯರು ಬರುವುದು ಮಾರನೆಯ ದಿನವಾದರೆ ಕೊಳೆತ ಮಂಗದಲ್ಲಿ ವೈರಾಣು ಸಿಗುವುದು ಕಷ್ಟ, ವರದಿ “ಪತ್ತೆಯಾಗಿಲ್ಲ” ಎಂದು ಬರುತ್ತದೆ, ಊರವರು ನಿಶ್ಚಿಂತೆಯಿಂದ ದರಕಿಗೆ ಹೋಗುತ್ತಾರೆ. ಜಾಗ ಅಭಯಾರಣ್ಯದೊಳಗೆ ಬಿದ್ದರೆ ಬೆಂಕಿ ಹಾಕಲು, ಕೀಟನಾಶಕ ಉದುರಿಸಲು ಅರಣ್ಯದವರು ಹಿಂದೆಮುಂದೆ ನೋಡುತ್ತಾರೆ. ಬೇಸಿಗೆಯ ಒಣ ಕಾಡಿನಲ್ಲಿ ಬೆಂಕಿ ಎಂದರೆ ಅವರಿಗೆ ದಿಗಿಲಾಗುವುದು ಸಹಜವೇ.

2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡು ಗ್ರಾಮ ಪಂಚಾಯಿತಿಯಲ್ಲಿ ಆದದ್ದು ಈ ಸಾಲಿನ ದೊಡ್ಡ ಪರೀಕ್ಷೆ. ಲಿಂಗನಮಕ್ಕಿಯ ಕೆಳಗೆ, ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಅಂಟಿಕೊಂಡ ಊರುಗಳು ಅವು. ಕಣಿವೆಯ ಆಚೆಗೆ ಉತ್ತರ ಕನ್ನಡ. ಮಂಗಗಳು ಸಾಯತೊಡಗಿದವು, ಜ್ವರ ಮನೆಯಿಂದ ಮನೆಗೆ ಕಾಣಿಸಿತು, ಹಲವರು ಪ್ರಾಣ ಬಿಟ್ಟರು. ಅಲ್ಲಿ ಅದುವರೆಗೆ ರೋಗ ಇರಲಿಲ್ಲವಾದ್ದರಿಂದ ಲಸಿಕೆಯೂ ಹೋಗಿರಲಿಲ್ಲ. ಲಸಿಕೆ ಹಾಕುವ ನಿಯಮವೇ ಹಾಗಿತ್ತು: ಮನುಷ್ಯ, ಮಂಗ ಅಥವಾ ಉಣುಗಿನಲ್ಲಿ ರೋಗ ಖಚಿತವಾದ ಜಾಗದ ಸುತ್ತ ಐದು ಕಿಲೋಮೀಟರ್ ವೃತ್ತ ಎಳೆದು ಅದರೊಳಗಿನ ಊರುಗಳಿಗೆ ಕೊಡುವುದು. ರೋಗ ಹೋದಲ್ಲಿಗೆ ಲಸಿಕೆ ಹಿಂದಿನಿಂದ ಹೋಗುತ್ತಿತ್ತು. ಲಸಿಕೆ ಚುಚ್ಚಿಸಿಕೊಂಡ ದಿನವೇ ರಕ್ಷಣೆ ಬರುತ್ತಲೂ ಇರಲಿಲ್ಲ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರು, ಆಮೇಲೆ ವರ್ಷ ವರ್ಷವೂ ಚುಚ್ಚಿಸಿಕೊಳ್ಳಬೇಕಿತ್ತು.

ಗಂಭೀರವಾದ ರೋಗಿಗಳನ್ನು ಸಾಗಿಸಿದ್ದು ಮಣಿಪಾಲಕ್ಕೆ. ಅಂದರೆ ಘಾಟಿ ಇಳಿದು ಉಡುಪಿ ಜಿಲ್ಲೆಗೆ, ಅದೂ ಖಾಸಗಿ ಆಸ್ಪತ್ರೆಗೆ. ಹಳ್ಳಿ ಒಂದು ಜಿಲ್ಲೆಯದು, ಹಾಸಿಗೆ ಇನ್ನೊಂದು ಜಿಲ್ಲೆಯದು, ಬಿಲ್ಲು ಬೆಂಗಳೂರಿನಿಂದ ಮಂಜೂರಾಗಬೇಕು. ಕೂಲಿ ಮಾಡುವ ಮನೆಯವರಿಗೆ ಜ್ವರದಷ್ಟೇ ಹೆದರಿಕೆ ಹುಟ್ಟಿಸಿದ್ದು ಈ ಕೊನೆಯ ಪ್ರಶ್ನೆ. ಚಿಕಿತ್ಸೆಯ ಖರ್ಚನ್ನು ಸರ್ಕಾರವೇ ಹೊರಬೇಕೆಂಬ ಕೂಗಿಗೆ ಬಲ ಬಂದದ್ದೂ ಆ ವರ್ಷದ ಅನುಭವದಿಂದ.

ಅದೇ ಹಾವಳಿಯ ಹೊತ್ತಿನಲ್ಲಿ ಇಲಾಖೆಗಳು ಒಟ್ಟಿಗೆ ದುಡಿದದ್ದೂ ನಿಜ. ಮಂಗ ಸತ್ತ ಪ್ರತಿ ಜಾಗವನ್ನು ಗುರುತು ಹಾಕುವುದು, ಉಣುಗು ಹಿಡಿದು ಪರೀಕ್ಷೆಗೆ ಕಳಿಸುವುದು, ಮನೆಮನೆಗೆ ಡೇಪಾ ಎಣ್ಣೆ ಹಂಚುವುದು ನಡೆಯಿತು. ಈ ಎಣ್ಣೆಯ ಕತೆ ಸ್ವಾರಸ್ಯದ್ದು. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳುವ ಇದನ್ನು ರೂಪಿಸಿದ್ದು ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯ. ಗಡಿ ಕಾಯುವ ಸೈನಿಕರನ್ನು ಕೀಟಗಳಿಂದ ಕಾಪಾಡಲು. ಸಾಗರದ ಸೀಮೆಯಲ್ಲಿ ಅದನ್ನು ಹಂಚುವವಳು ಆಶಾ ಕಾರ್ಯಕರ್ತೆ.

ಲಸಿಕೆಯ ಕತೆ ಇನ್ನೂ ವಿಚಿತ್ರ. ಮನುಷ್ಯರಿಗೆ ಹಾಕುವ ಈ ಲಸಿಕೆ ತಯಾರಾಗುತ್ತಿದ್ದುದು ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಯಲ್ಲಿ, ಅಂದರೆ ಪಶು ಇಲಾಖೆಯ ಆವರಣದಲ್ಲಿ. ಕೊಳ್ಳುತ್ತಿದ್ದುದು ಆರೋಗ್ಯ ಇಲಾಖೆ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಾಣು ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸುವ ಹಳೆಯ ವಿಧಾನ ಅದು. 2005ರಿಂದ 2010ರವರೆಗಿನ ಮಾಹಿತಿ ನೋಡಿದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಎರಡು ಡೋಸಿನ ರಕ್ಷಣೆ ಶೇ 62.4, ಬೂಸ್ಟರು ಸೇರಿದರೆ ಶೇ 82.9. ಅದೇ ಹೊತ್ತಿಗೆ ಬೂಸ್ಟರಿಗೆ ಬರುವವರ ಸಂಖ್ಯೆ ತೀರಾ ಕಡಿಮೆಯಿತ್ತು. ಚುಚ್ಚಿದ ಜಾಗ ಉರಿಯುತ್ತಿತ್ತು, ಒಂದು ದಿನದ ಕೂಲಿ ಹೋಗುತ್ತಿತ್ತು. ಎರಡನೆಯ ಸಲಕ್ಕೆ ಜನ ತೋಟದ ದಾರಿ ಹಿಡಿಯುತ್ತಿದ್ದರು. ಕೊನೆಗೆ ಸತ್ವ ಪರೀಕ್ಷೆಯಲ್ಲಿ ಲಸಿಕೆಯೇ ಗೆಲ್ಲಲಿಲ್ಲ, 2022ರಿಂದ ಅದನ್ನು ಕೊಡುವುದು ನಿಂತಿತು.

ಈಗ ಶಿವಮೊಗ್ಗದಿಂದ ದಕ್ಷಿಣಕ್ಕೆ ಬರೋಣ. 2012ರ ಕೊನೆಯವರೆಗೂ ಮಂಗನ ಕಾಯಿಲೆ ಎಂದರೆ ಕರ್ನಾಟಕದ ಐದು ಜಿಲ್ಲೆಗಳ ಪೀಡೆ ಎಂದೇ ದೇಶ ಭಾವಿಸಿತ್ತು. ಆ ವರ್ಷ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ ಮಂಗಗಳು ಸತ್ತವು. ಅವುಗಳ ಕಳೇಬರ ಎತ್ತಿ ಸುಟ್ಟ ಕೆಲಸಗಾರರಿಗೇ ಜ್ವರ ಬಂತು. ಸೊರಬದ ಆಶಾ ಕಾರ್ಯಕರ್ತೆಗೆ ಬಾಯಿಪಾಠವಾಗಿದ್ದ ಎಚ್ಚರಿಕೆ ಅದೇ ರಾಜ್ಯದ ಇನ್ನೊಂದು ತುದಿಯ ಅರಣ್ಯ ಸಿಬ್ಬಂದಿಗೆ ಮುಟ್ಟಿರಲಿಲ್ಲ.

ಬಂಡೀಪುರ, ತಮಿಳುನಾಡಿನ ಮುದುಮಲೆ, ಕೇರಳದ ವಯನಾಡು ಎನ್ನುವುದು ಹೆಸರಿಗೆ ಮೂರು, ಕಾಡು ಒಂದೇ. ಅದೇ ಋತುವಿನಲ್ಲಿ ನೀಲಗಿರಿಯ ಮಂಗದಲ್ಲೂ ವೈರಾಣು ಸಿಕ್ಕಿತು. 2013ರಲ್ಲಿ ವಯನಾಡಿನ ಮೊದಲ ರೋಗಿ ಪತ್ತೆಯಾದ. 2014ರಲ್ಲಿ ಮಲಪ್ಪುರದ ನಿಲಂಬೂರು ಕಾಡಿನ ಬುಡಕಟ್ಟು ಜನರಲ್ಲಿ, 2015ರಲ್ಲಿ ವಯನಾಡಿನ ಆದಿವಾಸಿ ಹಾಡಿಗಳಲ್ಲಿ ರೋಗ ಹರಡಿ ನೂರಕ್ಕೂ ಹೆಚ್ಚು ಜನರಿಗೆ ತಗುಲಿತು. ಅದೇ ವರ್ಷ ಉತ್ತರದಲ್ಲಿ ಗೋವಾದ ಸತ್ತರಿ ತಾಲ್ಲೂಕಿನ ಪಾಳಿ ಎಂಬ ಊರಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದಲ್ಲಿ ಕಾಣಿಸಿತು. ಹೊರರಾಜ್ಯಗಳ ಈ ಜ್ವರ ಯಾವುದೆಂದು ಗುರುತಿಸುವುದರಲ್ಲಿ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರದ ಪಾಲು ದೊಡ್ಡದು.

ಗೋವಾದ ಪ್ರಕರಣದಲ್ಲಿ ಕನ್ನಡಿಗರೂ ಇದ್ದರು. ಗೇರು ಹಣ್ಣಿನ ಕಾಲಕ್ಕೆ ಬೆಳಗಾವಿ ಜಿಲ್ಲೆಯಿಂದ ಕೂಲಿಗಳು ಘಾಟಿ ಇಳಿದು ಗೋವಾದ ತೋಟಗಳಿಗೆ ಹೋಗುತ್ತಾರೆ. ಉದುರಿದ ಹಣ್ಣನ್ನು ನೆಲದಿಂದ ಆಯುವ ಕೆಲಸ. ನೆಲದಲ್ಲಿ ತರಗೆಲೆ, ತರಗೆಲೆಯಲ್ಲಿ ಉಣುಗು. 2016ರಲ್ಲಿ ಹಾಗೆ ಹೋದವರು ಜ್ವರ ಹೊತ್ತು ತಮ್ಮೂರಿಗೆ ಮರಳಿದರು. ಉಣುಗು ಕಚ್ಚಿದ್ದು ಒಂದು ರಾಜ್ಯದಲ್ಲಿ, ವೈದ್ಯರ ಎದುರು ಕೂತದ್ದು ಇನ್ನೊಂದು ರಾಜ್ಯದಲ್ಲಿ. ಬೆಳಗಾವಿಯ ಹಳ್ಳಿಯ ವೈದ್ಯ “ಎಲ್ಲಿಗೆ ಕೆಲಸಕ್ಕೆ ಹೋಗಿದ್ರಿ?” ಎಂದು ಕೇಳದಿದ್ದರೆ ಅದು ಇಲಿಜ್ವರವೋ ಡೆಂಗಿಯೋ ಆಗಿ ದಾಖಲಾಗುತ್ತದೆ. ಬೆಳಗಾವಿ ಎಂದಾಗ ನಮ್ಮ ಟಿ.ವಿ. ಚರ್ಚೆಗಳಲ್ಲಿ ಏಳುವ ಗದ್ದಲದಲ್ಲಿ ಇಂಥ ಕೂಲಿಯವರ ಮಾತು ಕೇಳಿದ ನೆನಪು ಯಾರಿಗೂ ಇರಲಿಕ್ಕಿಲ್ಲ.

ರಾಜ್ಯಗಳು ತಮ್ಮ ನಡುವಿನ ಇಂಥ ವಿಷಯ ಮಾತಾಡಲು ಒಂದು ವೇದಿಕೆ ಇಲ್ಲದಿಲ್ಲ. 1956ರ ರಾಜ್ಯ ಮರುವಿಂಗಡಣಾ ಕಾಯ್ದೆಯೇ ವಲಯ ಮಂಡಳಿಗಳನ್ನು ಕೊಟ್ಟಿದೆ. ಆದರೆ ಕರ್ನಾಟಕ, ಕೇರಳ, ತಮಿಳುನಾಡು ದಕ್ಷಿಣ ವಲಯದಲ್ಲಿವೆ. ಗೋವಾ, ಮಹಾರಾಷ್ಟ್ರ ಪಶ್ಚಿಮ ವಲಯದಲ್ಲಿ. ದೋಡಾಮಾರ್ಗದಿಂದ ವಯನಾಡಿನವರೆಗೆ ಚಾಚಿದ ಒಂದೇ ಘಟ್ಟಸಾಲಿನ ಒಂದೇ ರೋಗ ಎರಡು ಮಂಡಳಿಗಳ ಕಡತಕ್ಕೆ ಸೇರುತ್ತದೆ. ನದಿ ನೀರಿನ ಜಗಳಕ್ಕಾದರೆ ನ್ಯಾಯಮಂಡಳಿ ಇದೆ. ಜ್ವರದ ವಿಷಯದಲ್ಲಿ ಯಾರ ಮೇಲೂ ಯಾರೂ ಮೊಕದ್ದಮೆ ಹೂಡುವುದಿಲ್ಲ, ಹಾಗಾಗಿ ಯಾರೂ ಕೂತು ಮಾತಾಡುವ ತುರ್ತೂ ಹುಟ್ಟುವುದಿಲ್ಲ.

ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವನ್ನೂ ಒಟ್ಟಿಗೆ ನೋಡಬೇಕು ಎಂಬ ‘ಒನ್ ಹೆಲ್ತ್’ ಮಾತು ಈಗ ದೆಹಲಿಯಿಂದ ಜಿಲ್ಲೆಯವರೆಗೆ ಎಲ್ಲರ ಬಾಯಲ್ಲಿದೆ. ಅದಕ್ಕೆಂದು ನಾಗಪುರದಲ್ಲಿ ರಾಷ್ಟ್ರೀಯ ಸಂಸ್ಥೆಯೊಂದಕ್ಕೆ 2022ರಲ್ಲಿ ಅಡಿಗಲ್ಲು ಬಿದ್ದಿದೆ. ಮಾತು ಕೆಲಸವಾದ ಒಂದು ಉದಾಹರಣೆ ಶಿವಮೊಗ್ಗದಲ್ಲೇ ಇದೆ. ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಮತ್ತು ಪಶುರೋಗ ಸಂಶೋಧನೆಯ ನಿವೇದಿ ಸಂಸ್ಥೆ, ರಾಜ್ಯದ ಆರೋಗ್ಯ ಇಲಾಖೆ ಸೇರಿ ನಡೆಸಿದ ಮಂಕಿ ಫೀವರ್ ರಿಸ್ಕ್ ಯೋಜನೆಯಲ್ಲಿ, ವಿಜ್ಞಾನಿಗಳು ನಕ್ಷೆ ಬರೆಯುವ ಮೊದಲು ಇಲಾಖೆಗಳ ಸಿಬ್ಬಂದಿಯನ್ನು ಕೂರಿಸಿ ನಿಮಗೆ ಎಂಥ ನಕ್ಷೆ ಬೇಕು, ರೋಗ ಯಾಕೆ ಬರುತ್ತದೆ ಎಂದು ನಿಮಗೆ ಅನಿಸುತ್ತದೆ ಎಂದು ಕೇಳಿದರು. 2020ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ತೇವದ ನಿತ್ಯಹರಿದ್ವರ್ಣ ಕಾಡೂ ತೋಟವೂ ಬೆರೆತ, ನಾಟಿ ದನಗಳು ಹೆಚ್ಚಿರುವ ಸೀಮೆಯಲ್ಲಿ ಅಪಾಯ ಹೆಚ್ಚು, ಒಣ ಎಲೆಯುದುರುವ ಕಾಡಿನಲ್ಲಿ ಕಡಿಮೆ. ಸಾಗರ, ತೀರ್ಥಹಳ್ಳಿಗಳ ಯಾವ ರೈತನ ಅಂಗಳದಿಂದ ನೋಡಿದರೂ ಕಾಣುವುದು ಇದೇ ಚಿತ್ರ. ಬೆಟ್ಟ, ತೋಟ, ಗದ್ದೆ, ಕೊಟ್ಟಿಗೆ ಒಂದಕ್ಕೊಂದು ಅಂಟಿಕೊಂಡಿರುವುದೇ ಮಲೆನಾಡಿನ ಬದುಕು. ಅದನ್ನು ಬಿಡಿ ಎಂದು ಯಾವ ಇಲಾಖೆಯೂ ಹೇಳಲಾಗದು.

ಹೇಳಲಾಗುವುದು, ಮಾಡಲಾಗುವುದು ಬೇರೆ ಇದೆ. ದನಗಳ ಉಣುಗಿಗೆ ಅಕ್ಟೋಬರ್‌ ಹೊತ್ತಿಗೇ ಔಷಧಿ ಹಾಕುವುದು, ದರಕನ್ನು ಮಂಗ ಸತ್ತ ದಿಕ್ಕಿನಿಂದ ತರದಿರುವುದು, ಎಣ್ಣೆಯನ್ನು ಜ್ವರ ಬಂದ ಮೇಲಲ್ಲ, ಕೊಯ್ಲು ಶುರುವಾಗುವ ಮೊದಲೇ ಹಂಚುವುದು. ಜಿಲ್ಲಾಧಿಕಾರಿಗಳು ಪ್ರತಿ ಸಾಲಿನಲ್ಲಿ ಅಂತರ ಇಲಾಖಾ ಸಭೆ ಕರೆಯುತ್ತಾರೆ, ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ. ಆ ಸಭೆ ಮಂಗ ಸತ್ತ ಮೇಲೆ ನಡೆಯಿತೋ, ಮಳೆ ನಿಂತ ಕೂಡಲೇ ನಡೆಯಿತೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಪಶುವೈದ್ಯರ ಹುದ್ದೆ ಖಾಲಿ ಇರುವ ಹೋಬಳಿಯಲ್ಲಿ ಶವಪರೀಕ್ಷೆಗೆ ಯಾರು, ಅವರ ಜೀಪಿನ ಡೀಸೆಲ್ಲು ಯಾವ ಲೆಕ್ಕಶೀರ್ಷಿಕೆಯಲ್ಲಿ ಎಂಬಂಥ ಸಣ್ಣ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಕ್ಕರೆ ಸಭೆ ಸಾರ್ಥಕ. ಸಮನ್ವಯ ಎಂಬ ದೊಡ್ಡ ಮಾತು ಹಳ್ಳಿಗೆ ತಲುಪುವುದು ಡೀಸೆಲ್ಲಿನ ರೂಪದಲ್ಲಿಯೇ.

2024ರ ಆರಂಭದಲ್ಲಿ ಹೊಸನಗರ ತಾಲ್ಲೂಕಿನ ಯುವತಿಯೊಬ್ಬಳ ಸಾವಿನಿಂದ ರೋಗ ಮತ್ತೆ ಸುದ್ದಿಯಾಯಿತು. ಆ ಋತುವಿನಲ್ಲಿ ಹೆಚ್ಚು ಪ್ರಕರಣ ಕಂಡದ್ದು ಸಿದ್ದಾಪುರ ತಾಲ್ಲೂಕಿನಲ್ಲಿ, ಅಂದರೆ ಸೊರಬ ಮತ್ತು ಸಾಗರಗಳ ಬೇಲಿಯಾಚೆ. ಲಸಿಕೆ ಇಲ್ಲದ ವರ್ಷಗಳು ಇವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೂ ಹೊಸ ಲಸಿಕೆಯ ಕೆಲಸಕ್ಕೆ ಕೈ ಹಾಕಿವೆ. ಅದು ಬಂದ ದಿನ ಯಾವ ಊರಿಗೆ ಮೊದಲು ಎಂಬ ಪಟ್ಟಿ ಬೇಕಾಗುತ್ತದೆ. ಹಳೆಯ ಐದು ಕಿಲೋಮೀಟರ್ ನಿಯಮವನ್ನೇ ಇಟ್ಟುಕೊಂಡರೂ, ಸಿದ್ದಾಪುರದ ಅಂಚಿನ ಹಳ್ಳಿಯೊಂದರಲ್ಲಿ ಕಂಪಾಸಿನ ಮುಳ್ಳು ನೆಟ್ಟರೆ ವೃತ್ತದ ಅರ್ಧ ಶಿವಮೊಗ್ಗ ಜಿಲ್ಲೆಯೊಳಗೆ ಬೀಳುತ್ತದೆ. ಆ ಅರ್ಧದ ಡೋಸಿಗೆ ಬೇಡಿಕೆ ಪತ್ರ ಕಾರವಾರದಿಂದ ಹೋಗಬೇಕೋ ಶಿವಮೊಗ್ಗದಿಂದಲೋ ಎಂಬುದನ್ನು ಈಗಲೇ, ಜ್ವರವಿಲ್ಲದ ತಿಂಗಳುಗಳಲ್ಲೇ, ಎರಡೂ ಕಡೆಯ ಜಿಲ್ಲಾ ಆರೋಗ್ಯಾಧಿಕಾರಿಗಳು ಕೂತು ಬರೆದಿಟ್ಟುಕೊಳ್ಳಬಹುದು.